ಉತ್ತರಹಳ್ಳಿ ಟೆರೇಸಿನಿಂದ ನಕ್ಷತ್ರಗಳ ಫೋಟೊ: 13 ಡಿಗ್ರಿ ಆಕಾಶಕ್ಕೊಂದು ಕೈಪಿಡಿ

ಧ್ರುವ ನಕ್ಷತ್ರ ಹುಡುಕೋದರಿಂದ ಶುರು ಮಾಡಬೇಡಿ. ಯೂಟ್ಯೂಬಿನಲ್ಲಿ ಆಸ್ಟ್ರೋಫೋಟೋಗ್ರಫಿ ಕಲಿಸುವವರು ಮೊದಲ ಪಾಠ ಅಂತ ಹೇಳೋದು ಸಾಮಾನ್ಯವಾಗಿ ಅದನ್ನೇ. ಅವರಲ್ಲಿ ಹೆಚ್ಚಿನವರು ಇರೋದು 40, 50 ಡಿಗ್ರಿ ಅಕ್ಷಾಂಶದ ಊರುಗಳಲ್ಲಿ. ಅಲ್ಲಿ ಧ್ರುವ ಅರ್ಧ ಆಕಾಶದ ಎತ್ತರದಲ್ಲಿ ನಿಂತಿರುತ್ತೆ. ಬೆಂಗಳೂರು ಇರೋದು 13 ಡಿಗ್ರಿಯಲ್ಲಿ, ಹಾಗಾಗಿ ನಮ್ಮ ಧ್ರುವ ಉತ್ತರದ ದಿಗಂತದಿಂದ 13 ಡಿಗ್ರಿ ಮೇಲಷ್ಟೇ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದೂಕಾಲು ಮುಷ್ಟಿ. ಬೆಂಗಳೂರಿನ ದಕ್ಷಿಣದ ಉತ್ತರಹಳ್ಳಿಯ ನಮ್ಮ ಟೆರೇಸಿನಿಂದ ಆ ಎತ್ತರದಲ್ಲಿ ಕಾಣೋದು ಹಿಂದಿನ ರಸ್ತೆಯ ಅಪಾರ್ಟ್‌ಮೆಂಟು, ಅದರಾಚೆ ಇಡೀ ನಗರದ ಬೆಳಕು.

ಆದರೆ ಇದೇ 13 ಡಿಗ್ರಿ ನಮಗೆ ದಕ್ಷಿಣದ ಆಕಾಶವನ್ನು ಬಿಟ್ಟುಕೊಡುತ್ತೆ. ಲಂಡನ್ನಿನವರಿಗೆ ಅಗಸ್ತ್ಯ ನಕ್ಷತ್ರ ಯಾವತ್ತೂ ಹುಟ್ಟೋದೇ ಇಲ್ಲ. ನಮಗೆ ಚಳಿಗಾಲದಲ್ಲಿ 24 ಡಿಗ್ರಿ ಎತ್ತರಕ್ಕೆ ಬರುತ್ತೆ. ತ್ರಿಶಂಕು (ಸದರ್ನ್ ಕ್ರಾಸ್) ಬೇಸಿಗೆಯಲ್ಲಿ 17 ಡಿಗ್ರಿವರೆಗೆ ಏರುತ್ತೆ. ಅವರಿಗೆ ಮನೆಗಳ ಸಾಲಿನ ಹಿಂದೆ ತೆವಳುವ ಆಕಾಶಗಂಗೆಯ ನಡುಭಾಗ ನಮ್ಮಲ್ಲಿ 48 ಡಿಗ್ರಿ ಮೇಲೆ. ಗ್ರಹಗಳಂತೂ ಹೆಚ್ಚುಕಡಿಮೆ ನೆತ್ತಿ ಮೇಲೇ ಹಾದುಹೋಗುತ್ತವೆ, ಹಾಗಾಗಿ ಅವುಗಳ ಬೆಳಕು ಕಡಿಮೆ ಗಾಳಿ ದಾಟಿ ಬರುತ್ತೆ. ಖಗೋಳವಿಜ್ಞಾನಿ ವೈನು ಬಪ್ಪು ಅವರು ವೀಕ್ಷಣಾಲಯಕ್ಕೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ: ಸಮಭಾಜಕಕ್ಕೆ ಹತ್ತಿರ ಇದ್ದರೆ ಉತ್ತರ, ದಕ್ಷಿಣ ಎರಡೂ ಆಕಾಶ ಸಿಗುತ್ತೆ. ಅವರ ಹೆಸರಿನ 2.34 ಮೀಟರ್ ದೂರದರ್ಶಕ ಇರೋದು ಅಲ್ಲೇ. ಕಾವಲೂರಿನ ಅಕ್ಷಾಂಶ 12.6, ನಮ್ಮದು 13. ಅವರಿಗೆ ಕಾಣುವ ನಕ್ಷತ್ರಗಳೇ ನಮಗೂ ಹುಟ್ಟೋದು. ನಮಗೆ ಇಲ್ಲದಿರೋದು ಅಲ್ಲಿನ ಕತ್ತಲೆ.

ನಾನು ಡಯಾಗ್ನೋಸ್ಟಿಕ್ ಸೆಂಟರ್ ಒಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಹಗಲೆಲ್ಲಾ ಮೈಕ್ರೋಸ್ಕೋಪು. 2024ರ ಸೆಪ್ಟೆಂಬರ್ ಕೊನೆಗೆ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಬೆಳಗಿನ ಜಾವ ಪೂರ್ವದಲ್ಲಿ ಬಂದಾಗ ಅದನ್ನು ಮೊಬೈಲಿನಲ್ಲಿ ಹಿಡಿದೆ. ಸಣ್ಣ ಬಾಲ, ಒಂದಿಷ್ಟು ಮಬ್ಬು. ಅಲ್ಲಿಂದ ಈಚೆಗೆ ನನ್ನ ಸಂಬಳ ಮತ್ತು ನಿದ್ದೆ ಎರಡರಲ್ಲೂ ಆಕಾಶಕ್ಕೆ ಪಾಲಿದೆ. ಕೆಳಗೆ ಬರೆದಿರೋದೆಲ್ಲ ಬಾಡಿಗೆ ಮನೆಯ ಟೆರೇಸಿನಲ್ಲಿ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾದಲ್ಲಿ ಮಾಡಬಹುದಾದದ್ದು.

ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ

ಆ್ಯಪ್ ಇಳಿಸಿಕೊಳ್ಳುವ ಮೊದಲು ಅಡುಗೆಮನೆ ಗೋಡೆಯ ಕ್ಯಾಲೆಂಡರ್ ತೆಗೀರಿ. ತಿಥಿ ಅಂದರೆ ಚಂದ್ರ ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಅನ್ನುವ ಲೆಕ್ಕ, ಒಂದು ತಿಥಿಗೆ 12 ಡಿಗ್ರಿ. ಶುಕ್ಲ ಅಷ್ಟಮಿಗೆ ಅರ್ಧಚಂದ್ರ, ನಡುರಾತ್ರಿ ಹೊತ್ತಿಗೆ ಮುಳುಗುತ್ತಾನೆ. ಕೃಷ್ಣ ಅಷ್ಟಮಿಗೆ ನಡುರಾತ್ರಿ ಹೊತ್ತಿಗೆ ಹುಟ್ಟುತ್ತಾನೆ. ಹುಣ್ಣಿಮೆ ಆದಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಇಷ್ಟು ಗೊತ್ತಿದ್ದರೆ ತಿಂಗಳ ಯೋಜನೆ ಮುಗಿದಂತೆ: ಕೃಷ್ಣ ಪಂಚಮಿಯಿಂದ ಅಮಾವಾಸ್ಯೆ ದಾಟಿ ಮೂರ್ನಾಲ್ಕು ದಿನದವರೆಗೆ ನೀಹಾರಿಕೆ (ಆಕಾಶದ ಅನಿಲ, ದೂಳಿನ ಮೋಡ), ತಾರಾಗುಚ್ಛ (ನಕ್ಷತ್ರಗಳ ಗುಂಪು), ಆಕಾಶಗಂಗೆ. ಶುಕ್ಲ ಪಂಚಮಿಯಿಂದ ದಶಮಿವರೆಗೆ ಚಂದ್ರನದೇ ಫೋಟೊ. ಹುಣ್ಣಿಮೆ ದಿನ ಚಂದ್ರನ ಫೋಟೊ ತೆಗೆಯೋಕೆ ಹೋಗಬೇಡಿ. ಬಿಸಿಲು ನೇರ ಬಿದ್ದು ನೆರಳೇ ಇರೋದಿಲ್ಲ, ಮುಖ ಚಪ್ಪಟೆ. ಅಷ್ಟಮಿ, ನವಮಿಗೆ ಬೆಳಕು-ಕತ್ತಲೆಯ ಗೆರೆ ಪಕ್ಕದ ಕುಳಿಗಳು ಆಳವಾಗಿ ಎದ್ದು ಕಾಣುತ್ತವೆ. 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿ ಶುಕ್ಲ ದಶಮಿಯ ಸುಮಾರಿಗೆ ನೋಡುವ ಹಾಗಿರುತ್ತೆ.

ಇನ್ನೊಂದು ಲೆಕ್ಕ ಅಜ್ಜಿಯಿಂದ ಬಂದದ್ದು. ಅಜ್ಜಿಗೆ ಮಳೆ ನಕ್ಷತ್ರಗಳೆಲ್ಲ ಬಾಯಿಪಾಠ: ಕೃತಿಕೆ, ರೋಹಿಣಿ, ಮೃಗಶಿರ, ಆರಿದ್ರ... ಯಾವ ಮಳೆ ಬಿತ್ತನೆಗೆ, ಯಾವುದು ಕಳೆ ಕೀಳೋಕೆ ಅಂತ. "ಆರಿದ್ರ ಮಳೆ ಬೀಳ್ತಾ ಇದೆ, ಆರಿದ್ರ ನಕ್ಷತ್ರ ತೋರ್ಸೇ" ಅಂತ ಒಮ್ಮೆ ಕೇಳಿದಳು. ತೋರಿಸೋಕೆ ಆಗೋದಿಲ್ಲ. ಮಳೆ ನಕ್ಷತ್ರ ಅಂದರೆ ಆಗ ಸೂರ್ಯ ಇರುವ ನಕ್ಷತ್ರ, ಅದು ಹಗಲಲ್ಲಿ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತೆ. ಮಾಸದ ಹೆಸರು ಇದಕ್ಕೆ ತದ್ವಿರುದ್ಧ. ಕಾರ್ತಿಕದ ಹುಣ್ಣಿಮೆ ಚಂದ್ರ ಕೃತ್ತಿಕೆಯ ಹತ್ತಿರ ಇರುತ್ತಾನೆ, ಮಾರ್ಗಶಿರದಲ್ಲಿ ಮೃಗಶಿರದ ಹತ್ತಿರ, ಮಾಘದಲ್ಲಿ ಮಖೆಯ ಹತ್ತಿರ, ಚೈತ್ರದಲ್ಲಿ ಚಿತ್ತೆಯ ಹತ್ತಿರ. ಹುಣ್ಣಿಮೆ ಚಂದ್ರ ರಾತ್ರಿಯಿಡೀ ಇರುವುದರಿಂದ ಆ ನಕ್ಷತ್ರವೂ ಆ ತಿಂಗಳು ರಾತ್ರಿಯಿಡೀ ಇರುತ್ತೆ. ಯಾವ ತಿಂಗಳು ಏನನ್ನು ತೆಗೆಯೋದು ಅಂತ ತಲೆಕೆಡಿಸಿಕೊಳ್ಳುವ ಬದಲು ಮಾಸದ ಹೆಸರು ಓದಿ. ಆಮೇಲೆ ನಿಖರ ಸಮಯಕ್ಕೆ ಸ್ಟೆಲೇರಿಯಂ ಆ್ಯಪ್ ತೆರೆಯಿರಿ, ಉಚಿತವಾಗೇ ಸಿಗುತ್ತೆ.

ಮೋಡದ ಮಾತು ಬೇಗ ಮುಗಿಸ್ತೀನಿ. ಜೂನ್‌ನಿಂದ ಅಕ್ಟೋಬರ್ ಕೊನೆವರೆಗೆ ಹೆಚ್ಚು ನಂಬಬೇಡಿ. ನವೆಂಬರ್ ಅರ್ಧ ಹೌದು, ಅರ್ಧ ಇಲ್ಲ. ಡಿಸೆಂಬರ್‌ನಿಂದ ಮಾರ್ಚ್ ನಮ್ಮ ಸುಗ್ಗಿ.

ಏನು ಕೊಳ್ಳಬೇಕು, ಏನು ಬೇಡ

ಡಬ್ಬದ ಮೇಲೆ "500 ಪಟ್ಟು" ಅಂತ ದೊಡ್ಡದಾಗಿ ಬರೆದಿರುವ ಸಣ್ಣ ದೂರದರ್ಶಕ ಬೇಡ. ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ದಾಟಿದರೆ ಚಿತ್ರ ದೊಡ್ಡದಾಗುತ್ತೆ, ವಿವರ ಹೆಚ್ಚೋದಿಲ್ಲ. 60 ಮಿ.ಮೀ.ಗೆ 120 ಪಟ್ಟೇ ಮಿತಿ. ಅದರ ಬದಲು 10×50 ಬೈನಾಕ್ಯುಲರ್ ತಗೊಳ್ಳಿ. ಗೋಡೆಗೆ ಮೊಣಕೈ ಊರಿ ಹಿಡಿದರೆ ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ, ಕೃತ್ತಿಕೆಯ ಗುಂಪು ತುಂಬಿಕೊಳ್ಳುತ್ತೆ. ಅದರಲ್ಲಿ ಒಂದು ಚಳಿಗಾಲ ಕಳೆದವರಿಗೆ ದೂರದರ್ಶಕ ಬೇಕೋ ಬೇಡವೋ ತಾನಾಗೇ ಗೊತ್ತಾಗುತ್ತೆ. ಕಣ್ಣಿಂದ ನೋಡೋಕೆ 6 ಇಂಚಿನ ಡಾಬ್ಸೋನಿಯನ್ (ನೆಲದ ಮೇಲಿಟ್ಟು ಕೈಯಿಂದ ತಿರುಗಿಸುವ ಕನ್ನಡಿ ದೂರದರ್ಶಕ) ನನಗೆ ಸಾಕು.

ಕ್ಯಾಮೆರಾಗೆ ಹಳೇ ಡಿಎಸ್‌ಎಲ್‌ಆರ್ ಸಾಕು. ನನ್ನದು ಕ್ಯಾನನ್ 700ಡಿ, ಜೊತೆಗೆ 50 ಮಿ.ಮೀ. ಎಫ್ 1.8 ಲೆನ್ಸ್ (ಎಫ್ ಸಂಖ್ಯೆ ಸಣ್ಣದಾದಷ್ಟು ಒಳಬರುವ ಬೆಳಕು ಹೆಚ್ಚು). ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎರಡು ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಲೆನ್ಸ್‌ನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ಬಿಟ್ಟುಬಿಡಿ. ಆಮೇಲೆ ಮುಚ್ಚಳ ಹಾಕಿ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 1600ರಲ್ಲಿ 30 ಸೆಕೆಂಡಿನ ಒಂದು ಚಿತ್ರ ತೆಗೆದು ಜೂಮ್ ಮಾಡಿ. ಬಣ್ಣದ ಚುಕ್ಕೆ ಅಲ್ಲೊಂದು ಇಲ್ಲೊಂದು ಇರೋದು ಸಹಜ. ಪಟ್ಟೆ ಪಟ್ಟೆ ಇದ್ದರೆ ಬೇಡ. ಟ್ರೈಪಾಡ್ ಮಾತ್ರ ಗಟ್ಟಿ ಇರಲಿ. ಇವಿಷ್ಟಲ್ಲದೆ ಟೈಮರ್ ಇರುವ ವೈರ್ ರಿಮೋಟ್, ಒಂದು ಹೆಚ್ಚಿನ ಬ್ಯಾಟರಿ. ಕೇಬಲ್ಲು, ಕನೆಕ್ಟರು, ಡಿಸಿ ಅಡಾಪ್ಟರುಗಳಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆ ಇದ್ದೇ ಇದೆ.

ಟೆರೇಸು

ಮಾಲೀಕರಿಗೆ ಮುಂಚೆಯೇ ಹೇಳಿ. ರಾತ್ರಿ 12ಕ್ಕೆ ತಲೆ ಮೇಲೆ ಹೆಜ್ಜೆ ಸದ್ದಾದರೆ ಯಾರಿಗಾದರೂ ಗಾಬರಿಯಾಗುತ್ತೆ. ನಮ್ಮ ಓನರ್ ಆಂಟಿ ಒಂದು ಸಲ ಟಾರ್ಚ್ ಹಿಡಿದು ಮೇಲೆ ಬಂದರು.

"ಯಾರಮ್ಮಾ ಅದು? ನೀನಾ? ಇಷ್ಟೊತ್ತಲ್ಲಿ ಏನ್ ಮಾಡ್ತಿದೀಯ ಪುಟ್ಟೀ?"

"ಗುರು ನೋಡ್ತಿದೀನಿ ಆಂಟಿ. ಬನ್ನಿ, ಇಲ್ಲಿ ಕಣ್ಣಿಡಿ. ಟಾರ್ಚ್ ಮಾತ್ರ ಆರಿಸ್ಬಿಡಿ."

ಅವರು ಕನ್ನಡಕ ತೆಗೆದು ಕಣ್ಣಿಟ್ಟರು, ತುಂಬಾ ಹೊತ್ತು ತೆಗೆಯಲಿಲ್ಲ. "ಪಕ್ಕದಲ್ಲಿ ಸಾಲಾಗಿ ಚುಕ್ಕಿ ಇದಾವಲ್ಲ, ಅವೇನು?" ಅಂದರು. ಗುರುವಿನ ಚಂದ್ರರು ಅಂದೆ. ಟೆರೇಸಿನ ಬೀಗದ ಒಂದು ಕೀ ಈಗ ನನ್ನ ಹತ್ತಿರವೇ ಇರುತ್ತೆ.

ಟೆರೇಸಿನಲ್ಲಿ ಜಾಗ ಆರಿಸುವಾಗ ಬೀದಿದೀಪ ನೇರ ಲೆನ್ಸಿಗೆ ಬೀಳದಿದ್ದರೆ ಅರ್ಧ ಗೆದ್ದಂತೆ. ನೀರಿನ ಟ್ಯಾಂಕಿನ ನೆರಳು ಒಳ್ಳೆಯ ಜಾಗ. ನಗರಕ್ಕೆ ಬೆನ್ನು ಹಾಕಿ: ದಕ್ಷಿಣದ ಬಡಾವಣೆಯವರಿಗೆ ದಕ್ಷಿಣ ಕಪ್ಪು, ಯಲಹಂಕದ ಕಡೆಯವರಿಗೆ ಉತ್ತರ. ಟಾರ್ಚಿಗೆ ಸ್ಟೇಷನರಿ ಅಂಗಡಿಯ ಕೆಂಪು ಜಿಲೆಟಿನ್ ಪೇಪರ್ ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ; ಕಣ್ಣು ಕತ್ತಲೆಗೆ ಪೂರ್ತಿ ಹೊಂದೋಕೆ 20-30 ನಿಮಿಷ ಬೇಕು, ಬಿಳಿ ಬೆಳಕು ಒಂದು ಕ್ಷಣ ಬಿದ್ದರೂ ಮತ್ತೆ ಮೊದಲಿಂದ. ಇನ್ನೊಂದು, ದಿನವಿಡೀ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ 10ರವರೆಗೂ ಬಿಸಿಗಾಳಿ ಬಿಡುತ್ತಿರುತ್ತೆ. ಆ ಗಾಳಿಯಲ್ಲಿ ಶನಿ, ಗುರು ಕುದಿಯುವ ಹಾಗೆ ಅಲ್ಲಾಡುತ್ತವೆ. ಗ್ರಹ ನೋಡೋಕೆ 11 ಆದಮೇಲೆ ಹೋಗಿ.

ಮಹಾವ್ಯಾಧನ ನೀಹಾರಿಕೆ, ಟ್ರ್ಯಾಕರ್ ಇಲ್ಲದೆ

ನಗರದಿಂದ ತೆಗೆಯಬಹುದಾದ ನೀಹಾರಿಕೆ ಒಂದೇ ಒಂದು ಆರಿಸು ಅಂದರೆ ನಾನು ಆರಿಸೋದು ಎಂ42. ಸುಮಾರು 1,350 ಜ್ಯೋತಿರ್ವರ್ಷ ದೂರದಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಮೋಡ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳ ಕೆಳಗೆ ಕತ್ತಿಯ ಹಾಗೆ ಇಳಿದಿರುವ ಸಾಲಿನ ಮಧ್ಯದ ಮಬ್ಬು ಚುಕ್ಕೆ ಅದೇ. ಜನವರಿಯ ಅಮಾವಾಸ್ಯೆ ಆಸುಪಾಸು ರಾತ್ರಿ 10ಕ್ಕೆ 70 ಡಿಗ್ರಿ ಮೇಲಿರುತ್ತೆ, ನಗರದ ಬೆಳಕಿನ ಪದರ ಆ ಎತ್ತರದಲ್ಲಿ ಅತಿ ತೆಳು.

ಲೆನ್ಸಿನಲ್ಲಿ ಆಟೋಫೋಕಸ್ ಆಫ್, ಕ್ಯಾಮೆರಾದಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್, ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ಚಿತ್ರ). ಪಕ್ಕದಲ್ಲೇ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ಇದೆ. ಲೈವ್ ವ್ಯೂನಲ್ಲಿ ಅದನ್ನು 10 ಪಟ್ಟು ಹಿಗ್ಗಿಸಿ. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸಿ: ಚುಕ್ಕೆ ಸಣ್ಣದಾಗುತ್ತೆ, ಇನ್ನೂ ಸಣ್ಣದಾಗುತ್ತೆ, ಆಮೇಲೆ ಮತ್ತೆ ಹಿಗ್ಗೋಕೆ ಶುರು. ಹಿಗ್ಗಿದ್ದು ಕಂಡಮೇಲೇ ಹಿಂದಕ್ಕೆ ಬರಬೇಕು. ಅತಿ ಸಣ್ಣ ಬಿಂದುವನ್ನು ದಾಟದೆ ಅದೆಲ್ಲಿದೆ ಅಂತ ತಿಳಿಯೋದಿಲ್ಲ. ಮೈಕ್ರೋಸ್ಕೋಪಿನ ಫೈನ್ ನಾಬ್ ತಿರುಗಿಸಿದ ಕೈಗೆ ಇದು ಪರಿಚಿತ ಚಲನೆ. ನಕ್ಷತ್ರ ಅತಿ ಸಣ್ಣ, ಗಟ್ಟಿ ಬಿಂದುವಾದರೆ ಅದೇ ಜಾಗ. ತಕ್ಷಣ ರಿಂಗಿಗೆ ಟೇಪ್ ಹಚ್ಚಿ. ಚಳಿ ಹೆಚ್ಚಿದ ಹಾಗೆ ಫೋಕಸ್ ಸರಿಯುತ್ತೆ, ಗಂಟೆಗೊಮ್ಮೆ ನೋಡಿಕೊಳ್ಳಿ.

ಎಷ್ಟು ಸೆಕೆಂಡು? ಎಲ್ಲ ಕಡೆ ಹೇಳುವ ಸೂತ್ರ 500ನ್ನು ಫೋಕಲ್ ಲೆಂತ್‌ನಿಂದ (ಲೆನ್ಸಿನ ಮಿ.ಮೀ. ಸಂಖ್ಯೆ) ಭಾಗಿಸಿ ಅನ್ನೋದು. 700ಡಿಯ ಸೆನ್ಸರ್ ಚಿಕ್ಕದು, 50ನ್ನು 1.6ರಿಂದ ಗುಣಿಸಿ 80 ಅಂತ ಹಿಡಿಯಬೇಕು. 500 ಭಾಗಿಸು 80, 6 ಸೆಕೆಂಡು ಚಿಲ್ಲರೆ. ನಾನು ಇದರ ಅರ್ಧ ಮಾತ್ರ ಒಪ್ಪುತ್ತೀನಿ. ಭೂಮಿ ತಿರುಗುವುದರಿಂದ ಆಕಾಶದ ಸಮಭಾಜಕದ ಮೇಲಿನ ನಕ್ಷತ್ರ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3,600 ಆರ್ಕ್‌ಸೆಕೆಂಡ್) ಸರಿಯುತ್ತೆ, ಮಹಾವ್ಯಾಧ ಇರೋದು ಸರಿಯಾಗಿ ಆ ಗೆರೆ ಮೇಲೇ. ಈ ಕ್ಯಾಮೆರಾ, ಈ ಲೆನ್ಸಿನಲ್ಲಿ ಒಂದು ಪಿಕ್ಸೆಲ್ ಸುಮಾರು 18 ಆರ್ಕ್‌ಸೆಕೆಂಡ್. 6 ಸೆಕೆಂಡಿಗೆ 5 ಪಿಕ್ಸೆಲ್ ಗೀರು, 3 ಸೆಕೆಂಡಿಗೆ ಎರಡೂವರೆ. 3 ಸೆಕೆಂಡೇ ಇಡಿ. ಎಫ್ 2.8, ಐಎಸ್‌ಒ 1600. ಹಿಸ್ಟೋಗ್ರಾಮಿನ (ಚಿತ್ರದ ಕಪ್ಪಿನಿಂದ ಬಿಳಿವರೆಗಿನ ಬೆಳಕಿನ ನಕ್ಷೆ) ಗುಡ್ಡ ಎಡಗಡೆಯಿಂದ ಮೂರನೇ ಒಂದರ ಆಚೆಈಚೆ ಇದ್ದರೆ ಸರಿ. ಬಲಕ್ಕೆ ಹೋದರೆ ಐಎಸ್‌ಒ ಇಳಿಸಿ.

ಒಂದು ಚಿತ್ರದಲ್ಲಿ ಏನೂ ಕಾಣೋದಿಲ್ಲ ಅನಿಸುತ್ತೆ, ಕಂದು ಆಕಾಶ, ಒಂದಷ್ಟು ಚುಕ್ಕೆ. ಹಾಗೇ 300 ಚಿತ್ರ ತೆಗೀರಿ, ಒಟ್ಟು 15 ನಿಮಿಷದ ಬೆಳಕು. ಚಿತ್ರಗಳನ್ನು ನಕ್ಷತ್ರಕ್ಕೆ ನಕ್ಷತ್ರ ಹೊಂದಿಸಿ ಒಂದರ ಮೇಲೊಂದು ಕೂಡಿಸಿದಾಗ ನಕ್ಷತ್ರದ ಬೆಳಕು ಎಲ್ಲದರಲ್ಲೂ ಅದೇ ಜಾಗದಲ್ಲಿರುತ್ತೆ, ಗದ್ದಲ (ಚಿತ್ರದ ಮೇಲಿನ ಕಾಳು ಕಾಳು ಚುಕ್ಕೆ) ಮಾತ್ರ ಒಂದೊಂದರಲ್ಲೂ ಬೇರೆ. 100 ಚಿತ್ರ ಕೂಡಿಸಿದರೆ ಗದ್ದಲ ಹತ್ತನೇ ಒಂದು ಪಾಲಿಗೆ ಇಳಿಯುತ್ತೆ. ಕೊನೆಗೆ ಮುಚ್ಚಳ ಹಾಕಿ ಅದೇ 3 ಸೆಕೆಂಡು, ಅದೇ ಐಎಸ್‌ಒದಲ್ಲಿ 20-30 ಡಾರ್ಕ್ ಫ್ರೇಮ್ (ಸೆನ್ಸರಿನದೇ ಚುಕ್ಕೆಗಳನ್ನು ಆಮೇಲೆ ಕಳೆಯೋಕೆ ಬೇಕಾದ ಕಪ್ಪು ಚಿತ್ರ) ತೆಗೆಯಿರಿ. ಅದನ್ನು ಮನೆಯೊಳಗೆ ಬಂದು ತೆಗೆದರೆ ಉಪಯೋಗ ಇಲ್ಲ, ಸೆನ್ಸರ್ ಟೆರೇಸಿನ ಚಳಿಯಲ್ಲೇ ಇರಬೇಕು.

ಜನವರಿಯಲ್ಲಿ ರಾತ್ರಿ ಬೆಳೆದ ಹಾಗೆ ಲೆನ್ಸಿಗೆ ಇಬ್ಬನಿ ಕೂರುತ್ತೆ. ದುಪ್ಪಟ್ಟಾದಿಂದ ಒರೆಸಬೇಡಿ, ಗೆರೆ ಬೀಳುತ್ತೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಹೀಟರ್ ಪಟ್ಟಿ ಸಿಗುತ್ತೆ, ಶುರುವಿನಲ್ಲೇ ಸುತ್ತಿಬಿಡಿ.

ನಡುಹಗಲಲ್ಲಿ ಉತ್ತರ ಹುಡುಕೋದು

ನಾಲ್ಕು ಚಳಿಗಾಲದ ರಾತ್ರಿ ಟ್ರೈಪಾಡಿನಲ್ಲಿ ಕಳೆದವರಿಗೆ ಟ್ರ್ಯಾಕರ್ ಆಸೆ ಬಂದೇ ಬರುತ್ತೆ. ಭೂಮಿಯ ತಿರುಗುವಿಕೆಗೆ ಸರಿಯಾಗಿ ಕ್ಯಾಮೆರಾವನ್ನು ತಿರುಗಿಸುವ ಯಂತ್ರ ಅದು. ಅದರ ಅಕ್ಷ ಧ್ರುವದ ಕಡೆ ಮುಖ ಮಾಡಿರಬೇಕು, ಇಲ್ಲಿ ಮತ್ತೆ ನಮ್ಮ 13 ಡಿಗ್ರಿಯ ಕಥೆ: ಧ್ರುವ ಕಟ್ಟಡದ ಹಿಂದೆ. ಅದಕ್ಕೆ ನಾನು ಸೂರ್ಯನ ಸಹಾಯ ತಗೊಳ್ಳುತ್ತೀನಿ.

ಸೂರ್ಯ ಅತಿ ಎತ್ತರದಲ್ಲಿರುವ ಕ್ಷಣದಲ್ಲಿ ಲಂಬವಾಗಿ ನಿಂತ ಯಾವುದೇ ವಸ್ತುವಿನ ನೆರಳು ಕರಾರುವಾಕ್ಕು ಉತ್ತರ-ದಕ್ಷಿಣ. ಗಡಿಯಾರದ 12 ಗಂಟೆಗಲ್ಲ. ನಮ್ಮ ಗಡಿಯಾರ ನಡೆಯೋದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಇರೋದು 77.6ರಲ್ಲಿ. ಡಿಗ್ರಿಗೆ 4 ನಿಮಿಷದ ಹಾಗೆ ಸುಮಾರು 20 ನಿಮಿಷ ತಡ. ಅದರ ಮೇಲೆ ವರ್ಷದ ದಿನಕ್ಕೆ ತಕ್ಕಂತೆ ಕಾಲು ಗಂಟೆವರೆಗೆ ಹೆಚ್ಚುಕಡಿಮೆ. ಆ ದಿನದ ನಿಖರ ನಿಮಿಷ ಸ್ಟೆಲೇರಿಯಂನಲ್ಲಿ ಸೂರ್ಯನ ಮೇಲೆ ಒತ್ತಿದರೆ ಸಿಗುತ್ತೆ.

ಗಾರೆ ಕೆಲಸದವರ ತೂಕದ ಗುಂಡು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಬಟ್ಟೆ ಒಣಗಿಸುವ ತಂತಿಗೆ ಅದನ್ನು ದಾರದಲ್ಲಿ ಇಳಿಬಿಟ್ಟು, ಅಲ್ಲಾಡದ ಹಾಗೆ ಗುಂಡನ್ನು ನೀರಿನ ಬಕೆಟಿನೊಳಗೆ ಮುಳುಗಿಸಿ. ಸಮಯ ಆಗುತ್ತಿದ್ದ ಹಾಗೆ ದಾರದ ನೆರಳು ನೆಲದಲ್ಲಿ ಬಿದ್ದ ಕಡೆ, ಸಾಧ್ಯವಾದಷ್ಟು ದೂರ ದೂರಕ್ಕೆ ಎರಡು ಚುಕ್ಕೆ ಇಡಿ. ನಾನು ನೇಲ್ ಪಾಲಿಶ್ ಬಳಸಿದೆ. ಮಳೆಗೂ ಹೋಗೋದಿಲ್ಲ, ಯಾರ ಕಣ್ಣಿಗೂ ಅಸಹ್ಯ ಅಲ್ಲ. ರಾತ್ರಿ ಆ ಎರಡು ಚುಕ್ಕೆಯ ನೇರಕ್ಕೆ ಟ್ರ್ಯಾಕರ್ ಇಟ್ಟರೆ ಉತ್ತರ ಸಿಕ್ಕಿತು.

ಇದನ್ನು ಡಿಸೆಂಬರ್, ಜನವರಿಯಲ್ಲೇ ಮಾಡಿ. ಆಗ ನಡುಹಗಲ ಸೂರ್ಯ 54 ಡಿಗ್ರಿ ಸುಮಾರಿಗೆ ಇರುತ್ತಾನೆ, ಒಂದು ನಿಮಿಷ ಆಚೀಚೆಯಾದರೂ ನೆರಳಿನ ದಿಕ್ಕು ತಪ್ಪೋದು ಅರ್ಧ ಡಿಗ್ರಿಗಿಂತ ಕಡಿಮೆ. ಮಾರ್ಚ್ ಕೊನೆಗೆ ಅದೇ ಒಂದು ನಿಮಿಷಕ್ಕೆ ಒಂದು ಡಿಗ್ರಿ ದಾಟುತ್ತೆ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಅವು ಬೆಂಗಳೂರಿನ ಶೂನ್ಯ ನೆರಳಿನ ದಿನಗಳು, ಉತ್ತರ ಹುಡುಕೋಕೆ ನೆರಳೇ ಇರೋದಿಲ್ಲ. ಮೊಬೈಲ್ ಕಂಪಾಸ್ ಅವಸರಕ್ಕೆ ಆಗುತ್ತೆ. ಆದರೆ ಟೆರೇಸಿನ ಕಬ್ಬಿಣ, ಟ್ಯಾಂಕಿನ ಸ್ಟ್ಯಾಂಡು ಅದನ್ನು ಎತ್ತೆತ್ತಲೋ ಎಳೆಯುತ್ತವೆ.

ಅಕ್ಷದ ಎತ್ತರಕ್ಕೆ ಮೊಬೈಲಿನ ಕೋನ ಅಳೆಯುವ ಆ್ಯಪ್ ಸಾಕು, 13 ಡಿಗ್ರಿ ಬರುವಂತೆ ಮಾಡಿ. ಇಷ್ಟು ಮಾಡಿ ಒಟ್ಟು ಎರಡು ಡಿಗ್ರಿ ತಪ್ಪಿದ್ದರೂ 50 ಮಿ.ಮೀ. ಲೆನ್ಸಿನಲ್ಲಿ ಒಂದು ನಿಮಿಷಕ್ಕೆ ಬೀಳುವ ಗೀರು ಹೆಚ್ಚೆಂದರೆ 2 ಪಿಕ್ಸೆಲ್. 3 ಸೆಕೆಂಡಿನಿಂದ 60 ಸೆಕೆಂಡಿಗೆ ಬಂದಿರಿ.

ಇನ್ನೊಂದು ತೊಡಕು ಶೀತದೇಶದವರಿಗೆ ಗೊತ್ತೇ ಇರೋದಿಲ್ಲ. 13 ಡಿಗ್ರಿಗೆ ಅಕ್ಷ ಹೆಚ್ಚುಕಡಿಮೆ ಮಲಗಿರುತ್ತೆ. ಆಗ ಸಮತೂಕಕ್ಕೆ ಹಾಕುವ ಕಂಬಿ ನೇರ ಕೆಳಕ್ಕೆ ಇಳಿದು ಟ್ರೈಪಾಡಿನ ಕಾಲಿಗೆ ಬಡಿಯುತ್ತೆ. ಒಂದು ಕಾಲು ಉತ್ತರಕ್ಕೆ ಇಡಿ ಅಂತ ಪಾಠಗಳಲ್ಲಿ ಇರುತ್ತೆ. ನೀವು ಎರಡು ಕಾಲುಗಳ ನಡುವಿನ ಸಂದು ಉತ್ತರಕ್ಕೆ ಬರುವ ಹಾಗೆ ತಿರುಗಿಸಿ. ಭಾರ ಉತ್ತರಕ್ಕೆ ವಾಲುವುದರಿಂದ ದಕ್ಷಿಣದ ಕಾಲಿಗೆ ನೀರಿನ ಬಾಟಲಿ ತುಂಬಿದ ಚೀಲ ಕಟ್ಟಿ.

ನಗರದ ಹೊರಗೆ

ನಂದಿ ಬೆಟ್ಟ ಬಿಟ್ಟುಬಿಡಿ. ರಾತ್ರಿ ಒಳಗೆ ಬಿಡೋದಿಲ್ಲ, ಜೊತೆಗೆ ದೇವನಹಳ್ಳಿಯ ವಿಮಾನ ನಿಲ್ದಾಣದ ಬೆಳಕು ಪಕ್ಕದಲ್ಲೇ. ಯಾವ ಕತ್ತಲೆ ಜಾಗ ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ನಿಮ್ಮ ಅಜ್ಜಿ ಊರು. ಗೊತ್ತಿರುವ ಜನ, ಗೊತ್ತಿರುವ ಅಂಗಳ, ರಾತ್ರಿ ಕಾಫಿ. ಹುಡುಗಿಯರು ಒಬ್ಬೊಬ್ಬರೇ ಹೆದ್ದಾರಿ ಪಕ್ಕ ನಿಲ್ಲುವ ಅಗತ್ಯ ಇಲ್ಲ. ನಮ್ಮ ಅಜ್ಜಿ ಊರು ಶಿರಾ ತಾಲ್ಲೂಕಿನಲ್ಲಿ. ಬಯಲುಸೀಮೆ, ಮಳೆ ಕಡಿಮೆ, ಹಾಗಾಗಿ ಮೋಡವೂ ಕಡಿಮೆ. ರೈತರಿಗೆ ಕಷ್ಟ, ನಮ್ಮ ಕೆಲಸಕ್ಕೆ ಅನುಕೂಲ. ಆ ಮಾತು ಅಲ್ಲಿ ಆಡಬೇಡಿ.

ಹೊಲಕ್ಕೆ ಹೋಗುವ ಮುನ್ನ ಅಕ್ಕಪಕ್ಕದವರಿಗೆ ಹೇಳಿ, ಕೆಂಪು ಬೆಳಕು ಕಂಡರೆ ಪಂಪ್‌ಸೆಟ್ ಕದಿಯೋಕೆ ಬಂದವರು ಅಂದುಕೊಳ್ಳುತ್ತಾರೆ. ನಾನು ಮಾವನನ್ನು ಕರೆದುಕೊಂಡೇ ಹೋಗೋದು. ನಡೆಯುವಾಗ ಬಿಳಿ ಟಾರ್ಚು, ಕಾಲಿಗೆ ಗಮ್‌ಬೂಟು: ಹಾವು ಇದ್ದೇ ಇರುತ್ತವೆ. ಜಾಗ ತಲುಪಿದ ಮೇಲೆ ಕೆಂಪು ಬೆಳಕು.

ಮೊದಲ ಕತ್ತಲೆಯಲ್ಲಿ ಆಕಾಶಗಂಗೆಯನ್ನೇ ತೆಗೆಯಿರಿ. ಮಾರ್ಚಿನಲ್ಲಿ ಅದರ ನಡುಭಾಗ ಬೆಳಗಿನ ಜಾವ ಆಗ್ನೇಯದಲ್ಲಿ ಏಳುತ್ತೆ, ಮೇ ಹೊತ್ತಿಗೆ ನಡುರಾತ್ರಿಗೂ ಮುಂಚೆಯೇ. 18 ಮಿ.ಮೀ. ಲೆನ್ಸು, 15 ಸೆಕೆಂಡು, ಐಎಸ್‌ಒ 3200. ಆದರೆ ನನ್ನ ಮನಸ್ಸು ಇರೋದು ಇನ್ನೊಂದರ ಮೇಲೆ: ಒಮೆಗಾ ಸೆಂಟಾರಿ. ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳ, 17,000 ಜ್ಯೋತಿರ್ವರ್ಷ ದೂರ. ಹುಡುಕೋದು ಸುಲಭ. ಚೈತ್ರ ಮುಗಿಯುವ ಅಮಾವಾಸ್ಯೆಯ ರಾತ್ರಿ 11ರ ಆಸುಪಾಸು ಚಿತ್ತಾ ನಕ್ಷತ್ರ ದಕ್ಷಿಣದಲ್ಲಿ ತನ್ನ ಗರಿಷ್ಠ ಎತ್ತರಕ್ಕೆ ಬರುತ್ತೆ. ಅಲ್ಲಿಂದ ನೇರ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿಯಿರಿ. ಬರಿಗಣ್ಣಿಗೆ ಮಸುಕು ನಕ್ಷತ್ರ, ಬೈನಾಕ್ಯುಲರಿನಲ್ಲಿ ಅಕ್ಕಿಹಿಟ್ಟು ಉದುರಿಸಿದ ದುಂಡನೆ ಕಲೆ. 55-250 ಲೆನ್ಸನ್ನು 135ಕ್ಕೆ ಇಟ್ಟು ಟ್ರ್ಯಾಕರಿನ ಮೇಲೆ 20 ಸೆಕೆಂಡಿನ ಚಿತ್ರಗಳನ್ನು ಕೂಡಿಸಿದರೆ ಅಂಚಿನ ನಕ್ಷತ್ರಗಳು ಬಿಡಿಬಿಡಿಯಾಗಿ ಒಡೆಯುತ್ತವೆ. ಇದು ಉತ್ತರಹಳ್ಳಿಯಿಂದಲೂ ಬೈನಾಕ್ಯುಲರಿಗೆ ಸಿಗುತ್ತೆ, 29 ಡಿಗ್ರಿ ಎತ್ತರದಲ್ಲಿ.

ಕೂಡಿಸೋದು, ಮತ್ತು ಸುಳ್ಳು ಹೇಳದಿರೋದು

ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಡಾರ್ಕ್ ಕಳೆದು, ನಕ್ಷತ್ರಗಳನ್ನು ಹೊಂದಿಸಿ, ಕೂಡಿಸಿಕೊಡುತ್ತೆ. ನಗರದ ಚಿತ್ರಗಳಲ್ಲಿ ಒಂದು ಮೂಲೆ ಕಿತ್ತಳೆ, ಇನ್ನೊಂದು ಬೂದು ಇರುತ್ತೆ. ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್ ಅನ್ನೋದು ಅದಕ್ಕೇ ಇದೆ, ಮಸುಕು ಬೆಳಕನ್ನು ಹಿಗ್ಗಿಸಿ ಎತ್ತಿ ತೋರಿಸುವ ಮೊದಲು ಅದನ್ನು ಮಾಡಿ. ಆಕಾಶವನ್ನು ಪೂರ್ತಿ ಕಪ್ಪು ಮಾಡಬೇಡಿ, ನೀಹಾರಿಕೆಯ ತೆಳು ಅಂಚು ಸತ್ತುಹೋಗುತ್ತೆ.

ವಿಧಾನಸೌಧದ ಮೇಲೆ ಆಕಾಶಗಂಗೆ ಹೊಳೆಯುವ ಚಿತ್ರಗಳು ಓಡಾಡುತ್ತಿರುತ್ತವೆ. ಆ ಬೆಳಕಿನಲ್ಲಿ ಅದು ಹಾಗೆ ಕಾಣೋದು ಸಾಧ್ಯವೇ ಇಲ್ಲ, ಬೇರೆಡೆ ತೆಗೆದದ್ದನ್ನು ಅಂಟಿಸಿರುತ್ತಾರೆ. ಅಂಟಿಸುವುದಾದರೆ ಹಾಗಂತ ಬರೆಯಿರಿ. ಎಲ್ಲಿ, ಯಾವ ದಿನ, ಎಷ್ಟು ಸೆಕೆಂಡು, ಎಷ್ಟು ಚಿತ್ರ ಅಂತ ಪ್ರತಿ ಫೋಟೊ ಕೆಳಗೆ ಹಾಕಿ. ಅದನ್ನು ನೋಡಿ ಇನ್ನೊಬ್ಬರು ತಮ್ಮ ಟೆರೇಸಿನಲ್ಲಿ ಮಾಡಬಹುದು. ನಗರದಲ್ಲಿ ಬ್ಯಾಂಗಲೋರ್ ಆಸ್ಟ್ರೊನಾಮಿಕಲ್ ಸೊಸೈಟಿಯಂಥ ಹವ್ಯಾಸಿಗಳ ಗುಂಪುಗಳಿವೆ, 1989ರಿಂದ ಜವಾಹರಲಾಲ್ ನೆಹರೂ ತಾರಾಲಯ ಇದೆ; ಕಲಿಸೋಕೆ ಜನ ಸಿಗುತ್ತಾರೆ, ಕೇಳೋಕೆ ಸಂಕೋಚ ಬೇಡ. ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು: ಸೂರ್ಯನ ಕಡೆ ಕ್ಯಾಮೆರಾ, ಬೈನಾಕ್ಯುಲರ್, ದೂರದರ್ಶಕ ಯಾವುದನ್ನೂ ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಹಾಕದೆ ತಿರುಗಿಸಬೇಡಿ. ಎಕ್ಸ್‌ರೇ ಹಾಳೆ, ಕಪ್ಪು ಕನ್ನಡಕ ಯಾವುದೂ ಆಗೋದಿಲ್ಲ. ಕಣ್ಣು ಹೋಗುತ್ತೆ.

ಮಳೆಗಾಲ ಬಂದಾಗ ಹಳೇ ಫೈಲುಗಳನ್ನು ಮತ್ತೆ ಕೂಡಿಸಿ ನೋಡಿ, ಕೈ ಪಳಗಿದ ಮೇಲೆ ಅದೇ 300 ಚಿತ್ರದಲ್ಲಿ ಮೊದಲು ಕಾಣದ್ದು ಹೊರಗೆ ಬರುತ್ತೆ. ಆ ತಿಂಗಳುಗಳು ಲೆನ್ಸಿಗೆ ಫಂಗಸ್ ಹಿಡಿಯುವ ಕಾಲ. ಬ್ಯಾಗಿನಲ್ಲಿ ಇಟ್ಟು ಮರೆಯಬೇಡಿ. ರಬ್ಬರ್ ಅಂಚಿನ, ಗಾಳಿಯಾಡದ ಅಕ್ಕಿ ಡಬ್ಬ ಒಂದು ತಂದು ಅದರೊಳಗೆ ಕ್ಯಾಮೆರಾ, ಲೆನ್ಸು, ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ನೀಲಿ ಸಿಲಿಕಾ ಜೆಲ್. ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ. ಊಟಕ್ಕೆ ಬಳಸದ ಹಳೇ ಬಾಣಲೆಯಲ್ಲಿ, ಕಿಟಕಿ ತೆರೆದಿಟ್ಟು, ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಆರಿಸಿ, ವಾಪಸ್ ಹಾಕಿ.